ಹೆಗ್ಗಣಕ್ಕೆ .177 ಸಾಕಾ, .22 ಬೇಕಾ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. .177, .22 ಅನ್ನುವುದು ಏರ್ ಗನ್ನಿನ ಕ್ಯಾಲಿಬರ್, ಅಂದರೆ ಬ್ಯಾರೆಲ್ಲಿನ ತೂತಿನ ಅಗಲ, ಇಂಚಿನಲ್ಲಿ. ಗೋಡೌನು, ಕೋಳಿಗೂಡು, ಕೊಟ್ಟಿಗೆ, ಇಂಥ ಕಡೆ ಹತ್ತಿರದಿಂದ ಹೆಗ್ಗಣ ಹೊಡೆಯುವುದೇ ಕೆಲಸ ಅಂದರೆ .22 ತೆಗೆದುಕೊಳ್ಳಿ. ಒಮ್ಮೆ ಹತ್ತು ಮೀಟರ್, ಇನ್ನೊಮ್ಮೆ ಮೂವತ್ತೈದು, ಹೀಗೆ ದೂರಕ್ಕೆ ಲೆಕ್ಕವೇ ಇಲ್ಲ ಅಂದರೆ .177. ಬಹಳಷ್ಟು ಜನರಿಗೆ .25 ಬೇಕಾಗುವುದಿಲ್ಲ, ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನನ್ನ ಹತ್ತಿರ ಎರಡು ಸ್ಪ್ರಿಂಗ್ ಗನ್ ಇವೆ, ಅಂದರೆ ಒಳಗಿನ ಸ್ಪ್ರಿಂಗ್ ಗಾಳಿಯನ್ನು ಒತ್ತಿ ಗುಂಡು ಹಾರಿಸುವ ಏರ್ ಗನ್. ಬ್ಯಾರೆಲ್ ಮಡಚಿ ಲೋಡ್ ಮಾಡುವ ಜಾತಿ. ಎರಡೂ ಒಂದೇ ಮಾಡೆಲ್, ಕ್ಯಾಲಿಬರ್ ಮಾತ್ರ ಬೇರೆ. ಶಕ್ತಿ 12 ಫುಟ್ ಪೌಂಡ್ ಆಸುಪಾಸು, ಅಂದರೆ ಸುಮಾರು 16 ಜೂಲ್. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ರೈಫಲ್‌ಗೆ ಇದೇ ಮಿತಿ. ಜರ್ಮನಿಯಲ್ಲಿ ಅದು ಬರೀ 7.5 ಜೂಲ್. ದೇಶಕ್ಕೊಂದು ಕಾನೂನು, ಕೆಲವು ಕಡೆ ಕ್ಯಾಲಿಬರ್‌ಗೂ ಮಿತಿ ಇರುತ್ತದೆ, ಯಾವ ಪ್ರಾಣಿಯನ್ನು ಹೊಡೆಯಬಹುದು ಅನ್ನುವುದಕ್ಕಂತೂ ಇದ್ದೇ ಇರುತ್ತದೆ. ಅದನ್ನು ನೋಡಿಕೊಂಡೇ ಗನ್ ಕೊಳ್ಳಿ. ನಮಗೆ ಕಾಟ ಕೊಡುವ ಪ್ರಾಣಿಯೆಲ್ಲ ಕಾನೂನಿನ ಕಣ್ಣಿಗೂ ಪೀಡೆಯೇ ಆಗಿರಬೇಕು ಅಂತೇನಿಲ್ಲ.

ಈಗ ವಿಷಯಕ್ಕೆ ಬರೋಣ. .177 ಅಂದರೆ 4.5 ಮಿ.ಮೀ., .22 ಅಂದರೆ 5.5 ಮಿ.ಮೀ. ಕೇಳಲು ಬರೀ ಒಂದು ಮಿಲಿಮೀಟರ್ ವ್ಯತ್ಯಾಸ. ಆದರೆ ಪೆಲೆಟ್ಟಿನ, ಅಂದರೆ ಏರ್ ಗನ್ನಿನ ಪುಟ್ಟ ಗುಂಡಿನ, ಮುಖದ ವಿಸ್ತೀರ್ಣ ಲೆಕ್ಕ ಹಾಕಿದರೆ .22 ಒಂದೂವರೆ ಪಟ್ಟು ದೊಡ್ಡದು. ತೂಕ ಹೆಚ್ಚುಕಮ್ಮಿ ದುಪ್ಪಟ್ಟು. ನಾನು ಬಳಸುವ .177 ಪೆಲೆಟ್ 8.4 ಗ್ರೇನ್ (ಸುಮಾರು 15 ಗ್ರೇನ್ ಅಂದರೆ ಒಂದು ಗ್ರಾಂ), .22 ಪೆಲೆಟ್ 15.9 ಗ್ರೇನ್. ಶಕ್ತಿ ಒಂದೇ ಆದಾಗ ಹಗುರದ್ದು ಜೋರಾಗಿ ಹೋಗುತ್ತದೆ, ಭಾರದ್ದು ನಿಧಾನವಾಗಿ ಹೋಗುತ್ತದೆ. 12 ಫುಟ್ ಪೌಂಡಿಗೆ ಲೆಕ್ಕ ಹಾಕಿ ನೋಡಿ, .177 ಸೆಕೆಂಡಿಗೆ ಸುಮಾರು 800 ಅಡಿ, .22 ಸುಮಾರು 580 ಅಡಿ. ಇಡೀ ಜಗಳ ಇರುವುದೇ ಈ ಎರಡು ಸಂಖ್ಯೆಗಳಲ್ಲಿ.

ನಿಧಾನ ಹೋದರೆ ಏನಾಗುತ್ತದೆ? ಗುರಿ ತಲುಪುವಷ್ಟರಲ್ಲಿ ಹೆಚ್ಚು ಕೆಳಗೆ ಬಿದ್ದಿರುತ್ತದೆ. ಅದೇ ದೂರಕ್ಕೆ .22 ಪೆಲೆಟ್ .177ಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಇಳಿಯುತ್ತದೆ. ಸ್ಕೋಪನ್ನು (ಗುರಿ ಹಿಡಿಯಲು ಗನ್ ಮೇಲೆ ಕೂರಿಸುವ ದುರ್ಬೀನು) 25 ಮೀಟರಿಗೆ ಸೆಟ್ ಮಾಡಿಟ್ಟಿದ್ದೇವೆ, ಹೆಗ್ಗಣ 35 ಮೀಟರಿನಲ್ಲಿ ಕೂತಿದೆ ಅಂದುಕೊಳ್ಳಿ. .177ನಲ್ಲಿ ಸ್ವಲ್ಪ ಮೇಲೆ ಹಿಡಿದರೆ ಆಯಿತು. .22ನಲ್ಲಿ ದೂರ ಸರಿಯಾಗಿ ಅಂದಾಜಿಸದಿದ್ದರೆ ತಲೆಗೆ ಇಟ್ಟ ಗುರಿ ಕಾಲಿನ ಹತ್ತಿರ ಬೀಳುತ್ತದೆ. ಹೆಗ್ಗಣದ ತಲೆಯಲ್ಲಿ ನಿಜವಾಗಿ ಹೊಡೆಯಬೇಕಾದ ಜಾಗ ದೊಡ್ಡ ನಾಣ್ಯದಷ್ಟೂ ಇಲ್ಲ. ಆ ಜಾಗ ತಪ್ಪಿದರೆ ಪ್ರಾಣಿ ಗಾಯ ಮಾಡಿಕೊಂಡು ಬಿಲದೊಳಗೆ ಹೋಗಿ ನರಳಿ ಸಾಯುತ್ತದೆ. ಅದು ಯಾರಿಗೂ ಬೇಡ ಅಲ್ವಾ.

ಹಾಗಾದರೆ .177 ಒಂದೇ ಸಾಕಲ್ಲ ಅಂತ ಕೇಳಬಹುದು. ಸಾಕು, ಆದರೆ ಗೋಡೆ ತಗಡುಗಳ ನಡುವೆ ಅದನ್ನು ಬಳಸಿದವರಿಗೆ ಇನ್ನೊಂದು ತಾಪತ್ರಯ ಗೊತ್ತು. ಹತ್ತು ಹದಿನೈದು ಮೀಟರಿನಲ್ಲಿ .177 ಪೆಲೆಟ್ ಪ್ರಾಣಿಯೊಳಗೆ ನಿಲ್ಲುವುದು ಕಡಿಮೆ. ಸಣ್ಣ ತೂತು ಮಾಡಿ ಆಚೆ ಬಂದು ಹಿಂದಿರುವ ತಗಡಿಗೆ ಟಣ್ ಅಂತ ಬಡಿಯುತ್ತದೆ. ಆಚೆ ಹೋದ ಪೆಲೆಟ್ ತನ್ನ ಶಕ್ತಿಯನ್ನೂ ಜೊತೆಗೇ ಒಯ್ದಿರುತ್ತದೆ. ತಲೆಗೆ ಸರಿಯಾಗಿ ಬಿದ್ದರೆ ಇದೇನೂ ಲೆಕ್ಕಕ್ಕಿಲ್ಲ, ಆದರೆ ಎದೆಗೆ ಬಿದ್ದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: .22 ತಿಂದ ಹೆಗ್ಗಣ ಅಲ್ಲೇ ಮಲಗುತ್ತದೆ, .177 ತಿಂದದ್ದು ಎಷ್ಟೋ ಸಲ ನಾಲ್ಕು ಹೆಜ್ಜೆ ಓಡಿ ಆಮೇಲೆ ಬೀಳುತ್ತದೆ, ಆ ನಾಲ್ಕು ಹೆಜ್ಜೆಯಲ್ಲಿ ಮೂಟೆಗಳ ಸಂದಿಗೆ ಸೇರಿಕೊಂಡರೆ ವಾಸನೆ ಬಂದಮೇಲೇ ಹುಡುಕಬೇಕು.

ಅದಕ್ಕೇ ಒಳಗಿನ ಕೆಲಸಕ್ಕೆ ನಾನು .22 ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೆಗ್ಗಣ ದಿನಾ ಒಂದೇ ದಾರಿಯಲ್ಲಿ, ಗೋಡೆ ಬದಿ ಹಿಡಿದು ಓಡಾಡುತ್ತದೆ. ಆ ದಾರಿಯಲ್ಲಿ ತಿಂಡಿ ಇಟ್ಟು, ಹಿಂದೆ ಮರಳಿನ ಚೀಲವೋ ದಪ್ಪ ಹಲಗೆಯೋ ನಿಲ್ಲಿಸಿ, ಅಷ್ಟೇ ದೂರಕ್ಕೆ ಸ್ಕೋಪ್ ಸೆಟ್ ಮಾಡಿಬಿಟ್ಟರೆ ಪೆಲೆಟ್ ಎಷ್ಟು ಇಳಿಯುತ್ತದೆ ಅನ್ನುವ ತಲೆನೋವೇ ಇಲ್ಲ. ಹಿಂದೆ ಏನಿದೆ ಅಂತ ನೋಡದೆ ಮಾತ್ರ ಹೊಡೆಯಬೇಡಿ. ಗಟ್ಟಿ ನೆಲಕ್ಕೆ ಬಡಿದ ಸೀಸ ಎತ್ತ ಪುಟಿಯುತ್ತದೆ ಅಂತ ಹೇಳಲು ಬರುವುದಿಲ್ಲ, ಕನ್ನಡಕ ಹಾಕಿಕೊಂಡಿರುವುದೇ ವಾಸಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಕತ್ತಲಲ್ಲಿ .177 ಪೆಲೆಟ್ ಬೆರಳಿಗೆ ಸಿಗುವುದೇ ಇಲ್ಲ! ಡಬ್ಬಿಯಿಂದ ತೆಗೆದು ನೇರ ಮಾಡಿ ಬ್ಯಾರೆಲ್ಲಿಗೆ ಕೂರಿಸುವಷ್ಟರಲ್ಲಿ ಹೆಗ್ಗಣ ಊಟ ಮುಗಿಸಿ ಹೊರಟಿರುತ್ತದೆ. .22 ದಪ್ಪ ಇರುವುದರಿಂದ ಈ ಒದ್ದಾಟ ಕಡಿಮೆ.

.25 ಅಂದರೆ 6.35 ಮಿ.ಮೀ. ಮುಖದ ವಿಸ್ತೀರ್ಣ .177ರ ಎರಡು ಪಟ್ಟು, ತೂಕ 25 ಗ್ರೇನ್ ಆಸುಪಾಸು. ಪಿಸಿಪಿ (ಸ್ಪ್ರಿಂಗ್ ಬದಲು ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಏರ್ ಗನ್) ಇದ್ದು, ಅದು 25-30 ಫುಟ್ ಪೌಂಡ್ ಕೊಡುತ್ತದೆ ಅಂದರೆ ಒಳ್ಳೆಯ ಆಯ್ಕೆ, ಮೊಲದಂಥ ದೊಡ್ಡ ಪ್ರಾಣಿಗೂ ಆಗುತ್ತದೆ. ನಮ್ಮಂಥ 12 ಫುಟ್ ಪೌಂಡಿನ ಗನ್ನಿಗೆ ಅದನ್ನು ಹಾಕಿದರೆ ಪೆಲೆಟ್ ಕಮಾನಿನ ಹಾಗೆ ಬಾಗಿಕೊಂಡು ಹೋಗುತ್ತದೆ, ಐದು ಮೀಟರ್ ಹೆಚ್ಚುಕಮ್ಮಿ ಆದರೂ ಗುರಿ ತಪ್ಪುತ್ತದೆ. ಸುಮ್ನೆ ದಪ್ಪ ಇದೆ ಅಂತ ಕೊಳ್ಳಬೇಡಿ.

ಪೆಲೆಟ್ ಆಕಾರದ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಚೂಪು ಮೂತಿಯದ್ದು ನೋಡಲು ಭಯಂಕರವಾಗಿದೆ, ಆದರೆ ನನ್ನ ಎರಡು ಬ್ಯಾರೆಲ್‌ಗಳಲ್ಲೂ ಅದು ಒಂದೇ ಕಡೆ ಬೀಳುವುದಿಲ್ಲ. ದುಂಡು ತಲೆಯದ್ದೇ ಎಲ್ಲದಕ್ಕೂ ಆಗುತ್ತದೆ. ಹತ್ತಿರಕ್ಕೆ, ಅದರಲ್ಲೂ .177ನಲ್ಲಿ, ಚಪ್ಪಟೆ ತಲೆಯದ್ದನ್ನು ಹಾಕಿದರೆ ತೂರಿ ಹೋಗುವುದು ಕಡಿಮೆಯಾಗುತ್ತದೆ. ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ .177 ಚಪ್ಪಟೆ ತಲೆಯದ್ದೇ, ಕಾಗದದಲ್ಲಿ ಸ್ವಚ್ಛವಾದ ತೂತು ಬೀಳಲಿ ಅಂತ. ದೂರಕ್ಕೆ ಮಾತ್ರ ಅದು ಬೇಡ. ಒಂದೊಂದು ಬ್ಯಾರೆಲ್‌ಗೂ ಒಂದೊಂದು ಪೆಲೆಟ್ ಇಷ್ಟ, ಮೂರ್ನಾಲ್ಕು ಬಗೆ ತಂದು ಕಾಗದದ ಮೇಲೆ ಹೊಡೆದು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ಯಾವ ದೂರದವರೆಗೆ ನಿಮ್ಮ ಐದು ಪೆಲೆಟ್ ಎರಡೂವರೆ ಸೆಂ.ಮೀ. ಒಳಗೆ ಬೀಳುತ್ತವೋ, ಪ್ರಾಣಿಗೆ ಹೊಡೆಯಲು ನಿಮ್ಮ ಮಿತಿ ಅಷ್ಟೇ.

ಡಬ್ಬದ ಮೇಲೆ ಬರೆಯುವ ಸ್ಪೀಡ್ ನಂಬಿ .177 ಕೊಳ್ಳುವವರಿಗೆ ಒಂದು ಮಾತು. ಸೆಕೆಂಡಿಗೆ 1200 ಅಡಿ, 1300 ಅಡಿ ಅಂತೆಲ್ಲ ಇರುತ್ತದಲ್ಲ, ಅದು ಸೀಸವಲ್ಲದ ತೀರಾ ಹಗುರ ಪೆಲೆಟ್ಟಿನಲ್ಲಿ ತೆಗೆದ ಲೆಕ್ಕ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,120 ಅಡಿ. ಅದನ್ನು ದಾಟಿದರೆ ಚಟಾರ್ ಅಂತ ಸದ್ದು ಬರುತ್ತದೆ, ಪೆಲೆಟ್ಟೂ ಅಲುಗಾಡಿ ಗುರಿ ಕೆಡುತ್ತದೆ. ಸದ್ದಿಗೆ ಹೆದರಿದ ಹೆಗ್ಗಣ ಆ ರಾತ್ರಿ ಮತ್ತೆ ಬರುವುದು ಅನುಮಾನ.

ಬಾಳಿಕೆ ವಿಷಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಪ್ರಿಂಗ್ ಎರಡರಲ್ಲೂ ಸೋತಿತ್ತು, ಎರಡರಲ್ಲೂ ಬದಲಾಯಿಸಿದ್ದೇನೆ. ತೊಂದರೆ ಕೊಟ್ಟದ್ದು ಸ್ಕೋಪ್. ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ, ಮಾಮೂಲಿ ರೈಫಲ್ ಸ್ಕೋಪ್ ಇದನ್ನು ತಡೆಯುವುದಿಲ್ಲ. ಏರ್ ಗನ್‌ಗೆ ಅಂತಲೇ ಮಾಡಿದ, ಹತ್ತು ಮೀಟರಿಗೂ ಫೋಕಸ್ ಆಗುವ ಸ್ಕೋಪ್ ತೆಗೆದುಕೊಳ್ಳಿ. ಗನ್ನನ್ನು ಬಿಗಿಯಾಗಿ ಅವುಚಿಕೊಳ್ಳಬೇಡಿ, ಅಂಗೈ ಮೇಲೆ ಸಡಿಲವಾಗಿ ಕೂರಿಸಿದರೆ ಪೆಲೆಟ್ ಒಂದೇ ಕಡೆ ಬೀಳುತ್ತವೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದು, ಗಾಳಿ ಒತ್ತುವ ಸಿಲಿಂಡರಿಗೆ ಸಿಕ್ಕ ಎಣ್ಣೆ ಬಿಡುವುದು, ಇವೆರಡೂ ಗನ್ನಿಗೆ ವಿಷ. ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ.

ಹೊಡೆದ ಹೆಗ್ಗಣವನ್ನು ಬರಿಗೈಯಲ್ಲಿ ಎತ್ತಬೇಡಿ. ಅದರ ಮೂತ್ರದಿಂದ ಇಲಿಜ್ವರ ಬರುತ್ತದೆ. ಹಾಗೇ ಬಯಲಲ್ಲಿ ಎಸೆದರೆ ಒಳಗಿರುವ ಸೀಸ ಅದನ್ನು ತಿನ್ನುವ ಹದ್ದು ಗೂಬೆಗಳ ಹೊಟ್ಟೆ ಸೇರುತ್ತದೆ. ಆಳವಾಗಿ ಹೂಳಿ. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಿ.