ಪಿಬಿಎಸ್ ವಿಮರ್ಶೆ: 25 ಡಾಲರ್ ಔಷಧದ ಹಿಂದೆ ಕೂತಿರುವ ಸಮಿತಿ

ಆಸ್ಟ್ರೇಲಿಯಾದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಇರುವವರು ಡಾಕ್ಟರ ಚೀಟಿ ಹಿಡಿದು ಫಾರ್ಮಸಿಗೆ ಹೋದರೆ, ಸಬ್ಸಿಡಿ ಪಟ್ಟಿಯಲ್ಲಿರುವ ಔಷಧವೊಂದಕ್ಕೆ 2026ರ ಜನವರಿ 1ರಿಂದ ಅವರ ಪಾಲು ಹೆಚ್ಚೆಂದರೆ 25 ಡಾಲರ್. ಪಿಂಚಣಿದಾರರಿಗೆ, ಕನ್ಸೆಷನ್ ಕಾರ್ಡಿನವರಿಗೆ 7.70. ಔಷಧದ ಬೆಲೆ ನಲವತ್ತಿರಲಿ ನಾಲ್ಕು ಸಾವಿರವಿರಲಿ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. 1948ರಲ್ಲಿ 139 ಔಷಧಗಳಿಂದ ಶುರುವಾದ ಈ ವ್ಯವಸ್ಥೆಯ ಹೆಸರು ಪಿಬಿಎಸ್, ಅಂದರೆ ಫಾರ್ಮಸ್ಯೂಟಿಕಲ್ ಬೆನಿಫಿಟ್ಸ್ ಸ್ಕೀಮ್.

ಕೌಂಟರಿನ ಸೇವೆಯನ್ನಷ್ಟೇ ನೋಡಿ ಅಂಕ ಕೊಟ್ಟರೆ ವಿಮರ್ಶೆ ಅರ್ಧವೇ ಆದೀತು. ಯಾವ ಔಷಧ, ಯಾವ ಕಾಯಿಲೆಗೆ, ಕಾಯಿಲೆಯ ಯಾವ ಹಂತದಲ್ಲಿ ಪಟ್ಟಿಗೆ ಸೇರಬೇಕು ಎಂದು ಹೇಳುವುದು ಪಿಬಿಎಸಿ (ಫಾರ್ಮಸ್ಯೂಟಿಕಲ್ ಬೆನಿಫಿಟ್ಸ್ ಅಡ್ವೈಸರಿ ಕಮಿಟಿ) ಎಂಬ ಸಲಹಾ ಸಮಿತಿ. ಸಲಹಾ ಸಮಿತಿ ಎಂದ ಮಾತ್ರಕ್ಕೆ ಹಗುರವಾಗಿ ನೋಡಬೇಡಿ. 1953ರ ನ್ಯಾಷನಲ್ ಹೆಲ್ತ್ ಆಕ್ಟ್ ಪ್ರಕಾರ, ಇದು ಶಿಫಾರಸು ಮಾಡದ ಹೊಸ ಔಷಧವನ್ನು ಆರೋಗ್ಯ ಸಚಿವರು ಪಟ್ಟಿಗೆ ಸೇರಿಸುವಂತೆಯೇ ಇಲ್ಲ. ಶಿಫಾರಸಾದದ್ದನ್ನು ತಡೆಹಿಡಿಯಬಲ್ಲರು, ಅಷ್ಟೆ. ಹಾಗಾಗಿ ಇಡೀ ಸೇವೆಯ ಗುಣಮಟ್ಟ ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂಬುದಕ್ಕೆ ಗಂಟು ಬಿದ್ದಿದೆ.

ಸದಸ್ಯರನ್ನು ನೇಮಿಸುವುದು ಸಚಿವರೇ, ಆದರೆ ಮನಸ್ಸಿಗೆ ಬಂದವರನ್ನಲ್ಲ. ಕನಿಷ್ಠ ಮೂರನೇ ಎರಡು ಭಾಗದಷ್ಟು ಸದಸ್ಯರು ಆರು ವರ್ಗಗಳಿಂದ ಬರಬೇಕು: ಬಳಕೆದಾರರು, ಆರೋಗ್ಯ ಅರ್ಥಶಾಸ್ತ್ರಜ್ಞರು, ಅಂಗಡಿ ನಡೆಸುವ ಫಾರ್ಮಸಿಸ್ಟರು, ಜಿಪಿಗಳು (ಸಾಮಾನ್ಯ ವೈದ್ಯರು), ತಜ್ಞ ವೈದ್ಯರು, ಔಷಧಗಳ ಪರಿಣಾಮ ಅರಿತ ಕ್ಲಿನಿಕಲ್ ಫಾರ್ಮಕಾಲಜಿಸ್ಟರು. ಔಷಧ ಉದ್ಯಮ ಸೂಚಿಸಿದ ಸದಸ್ಯರೂ ಇರುತ್ತಾರೆ. ರೋಗಿಗಳ ಪರ ಮಾತಾಡುವವರಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟಿರುವುದು ಈ ವಿನ್ಯಾಸದ ದೊಡ್ಡ ಗುಣ.

ಬೇಲಿ ಇದ್ದೂ ದಾಟಿದ ಉದಾಹರಣೆಯುಂಟು. ವಯಾಗ್ರಾಕ್ಕೆ ಸಬ್ಸಿಡಿ ಬೇಡವೆಂದು ಸಮಿತಿ ಹೇಳಿದಾಗ ಫೈಜರ್ ಕಂಪನಿ ಫೆಡರಲ್ ಕೋರ್ಟಿಗೆ ಹೋಗಿ ಸೋತಿತು. ಆ ಬಿಸಿ ಆರುವ ಮೊದಲೇ, 2000ದ ಕೊನೆಯಲ್ಲಿ ಕಾಯ್ದೆ ತಿದ್ದುಪಡಿಯಾಗಿ ಹಳೆಯ ಸಮಿತಿಯೇ ಬರಖಾಸ್ತಾಯಿತು. ಮರುವರ್ಷದ ಆರಂಭದಲ್ಲಿ ಸಚಿವ ಮೈಕೆಲ್ ವೂಲ್ಡ್‌ರಿಜ್ ಉದ್ಯಮದ ಪರ ಲಾಬಿ ಮಾಡಿದ್ದ ಒಬ್ಬರನ್ನು ಹೊಸ ಸಮಿತಿಗೆ ತಂದರು. ಹಲವು ಸದಸ್ಯರು ಹೊರನಡೆದರು. ನೇಮಕದ ಕೊನೆಯ ಸಹಿ ಸಚಿವರದ್ದಾಗಿರುವಷ್ಟು ಕಾಲ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇಲ್ಲೊಂದು ಅಂಕ ಕಳೆಯಲೇಬೇಕು.

ಕೆಲಸದ ರೀತಿ ಶಿಸ್ತಿನದು. ಮಾರ್ಚ್, ಜುಲೈ, ನವೆಂಬರ್ ತಿಂಗಳುಗಳಲ್ಲಿ ಮುಖ್ಯ ಸಭೆ. ಕಂಪನಿ ಸುಮಾರು 17 ವಾರ ಮೊದಲೇ ಕಡತ ಸಲ್ಲಿಸಬೇಕು. ಹೊರಗಿನ ಪರಿಣತರ ತಂಡ ಅದನ್ನು ಜಾಲಾಡುತ್ತದೆ. ಎರಡು ಉಪಸಮಿತಿಗಳಲ್ಲಿ ಒಂದು ಖರ್ಚಿನ ಲೆಕ್ಕ, ಇನ್ನೊಂದು ಎಷ್ಟು ಜನ ಬಳಸಿಯಾರು ಎಂಬ ಅಂದಾಜು ನೋಡುತ್ತದೆ. ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ದುಬಾರಿಯಾದರೆ, ಕೆಲವು ರೋಗಿಗಳಿಗಾದರೂ ಪರಿಣಾಮ ಸ್ಪಷ್ಟವಾಗಿ ಹೆಚ್ಚಿರಬೇಕು ಅಥವಾ ಅಡ್ಡಪರಿಣಾಮ ಕಡಿಮೆಯಿರಬೇಕು; ಇಲ್ಲದಿದ್ದರೆ ಶಿಫಾರಸು ಮಾಡಲು ಕಾಯ್ದೆ ಬಿಡದು. ಹೊಸ ಔಷಧಕ್ಕೆ ಹೀಗೆ ಹಣಕ್ಕೆ ತಕ್ಕ ಫಲದ ಪುರಾವೆ ಕಡ್ಡಾಯ ಮಾಡಿದ್ದು 1993ರಿಂದ. ಜಗತ್ತಿನಲ್ಲೇ ಇದು ಮೊದಲು.

ಎಡವುವುದು ಎಲ್ಲಿ? ಹೆಚ್ಚಾಗಿ ಬೆಲೆಯಲ್ಲಿ. ಕಂಪನಿ ಮೊದಲ ಸಲ ದುಬಾರಿ ಬೆಲೆ, ತೆಳ್ಳನೆಯ ಪುರಾವೆ ತಂದು ತಿರಸ್ಕೃತವಾಗುತ್ತದೆ. ಮುಂದಿನ ಸಭೆಗೋ ಅದರಾಚೆಗೋ ಮತ್ತೆ ಬರುತ್ತದೆ. ಕಾಯುವವರು ಮಾತ್ರ ರೋಗಿಗಳು. ಒಪ್ಪಿಗೆ ಸಿಕ್ಕ ಮೇಲೂ ಇಲಾಖೆಯೊಂದಿಗೆ ಬೆಲೆಯ ಮಾತುಕತೆ ಇದ್ದೇ ಇದೆ, ವರ್ಷದ ವೆಚ್ಚ 20 ಮಿಲಿಯನ್ ಡಾಲರ್ ದಾಟುವುದಾದರೆ ಸಂಪುಟದ ಮುಂದೆಯೂ ಹೋಗಬೇಕು. 2006ರ ನವೆಂಬರಿನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಗಾರ್ಡಸಿಲ್ ಲಸಿಕೆಯನ್ನು ಸಮಿತಿ ಮೊದಲು ನಿರಾಕರಿಸಿತು. ಪ್ರಧಾನಿ ಜಾನ್ ಹೋವರ್ಡ್ ಬಾಯಿ ಹಾಕಿದರು, ಕಂಪನಿ ಬೆಲೆ ಇಳಿಸಿತು, ಅದೇ ತಿಂಗಳು ಒಪ್ಪಿಗೆ ಬಂತು. ರಾಜಕೀಯ ಒತ್ತಡ ಗೆದ್ದಿತು ಎಂದು ಕೆಲವರು ಓದುತ್ತಾರೆ. 'ಇಲ್ಲ' ಎಂದಿದ್ದರಿಂದಲೇ ಬೆಲೆ ಇಳಿಯಿತು ಎಂಬ ಓದೇ ಹೆಚ್ಚು ಸರಿಯೆನಿಸುತ್ತದೆ.

ತೀರ್ಮಾನದ ಕಾರಣಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದಕ್ಕೆ ಪೂರ್ತಿ ಅಂಕ ಕೊಡಬಹುದಿತ್ತು. ಆದರೆ ಗುಟ್ಟಿನ ರಿಯಾಯಿತಿ ಒಪ್ಪಂದಗಳಿಂದಾಗಿ ಸರ್ಕಾರ ನಿಜವಾಗಿ ಕೊಡುವ ಬೆಲೆ ಎಷ್ಟೋ ಕಡೆ ಮುಚ್ಚಿಹೋಗಿರುತ್ತದೆ. ತೆರಿಗೆ ಕಟ್ಟುವವರಿಗೆ ಕಾಣುವುದು ಕಪ್ಪು ಬಳಿದ ಸಾಲುಗಳು.

ಇನ್ನು ಕೌಂಟರಿಗೆ ಬರೋಣ. ಬಿಪಿ, ಸಕ್ಕರೆ, ಕೊಲೆಸ್ಟರಾಲ್‌ನಂಥ ದೀರ್ಘಕಾಲದ ಕಾಯಿಲೆಗಳ ಸುಮಾರು 300 ಔಷಧಗಳಿಗೆ 60 ದಿನದ ಚೀಟಿ ಸಿಗುತ್ತದೆ. 2023ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಬಂದ ಸೌಲಭ್ಯ ಇದು; ಸಮಿತಿ 2018ರಲ್ಲೇ ಇದನ್ನು ಹೇಳಿತ್ತು! ತಾನಾಗಿ ಸಿಗುವುದಿಲ್ಲ, ಡಾಕ್ಟರು ಹೊಸ ಚೀಟಿ ಬರೆಯಬೇಕು. ಐದು ರಿಪೀಟ್ (ಅದೇ ಚೀಟಿಗೆ ಮತ್ತೆ ಔಷಧ ಪಡೆಯುವ ಅವಕಾಶ) ಹಾಕಿಸಿಕೊಂಡರೆ ವರ್ಷ ಪೂರ್ತಿ ಸಾಕು. ಪಿಂಚಣಿದಾರರಿಗೆ ಒಂದು ಔಷಧಕ್ಕೆ ವರ್ಷಕ್ಕೆ 92.40 ಇದ್ದದ್ದು 46.20 ಆಗುತ್ತದೆ. ಉಳಿದವರು ಅರ್ಧಕ್ಕರ್ಧ ಉಳಿತಾಯ ನಿರೀಕ್ಷಿಸಬೇಡಿ: ಹಳೆಯ ಬಿಪಿ ಮಾತ್ರೆಗಳಲ್ಲಿ ಹಲವಕ್ಕೆ ಪೂರ್ತಿ ಬೆಲೆಯೇ 25 ಡಾಲರಿಗಿಂತ ಕಡಿಮೆ.

ಕನ್ಸೆಷನ್ ಕಾರ್ಡಿನವರು ವರ್ಷದಲ್ಲಿ 277.20 ಡಾಲರ್, ಅಂದರೆ 36 ಚೀಟಿ ದಾಟಿದರೆ ಡಿಸೆಂಬರ್ 31ರ ತನಕ ಉಚಿತ. ಈ ಸೇಫ್ಟಿ ನೆಟ್ ಲೆಕ್ಕದಲ್ಲಿ ಜನ ಮುಗ್ಗರಿಸುತ್ತಾರೆ. ಹಲವು ಔಷಧಗಳನ್ನು 20 ದಿನದೊಳಗೆ ಮತ್ತೆ ಕೊಂಡರೆ ಆ ಹಣ ಲೆಕ್ಕಕ್ಕಿಲ್ಲ. 60 ದಿನದ ಚೀಟಿಗೆ ಈ ಗಡುವು 50 ದಿನ. ಬ್ರ್ಯಾಂಡ್ ಬೇಕೆಂದು ಹೆಚ್ಚುವರಿ ಕೊಟ್ಟದ್ದೂ ಸೇರುವುದಿಲ್ಲ. ಬೇರೆ ಬೇರೆ ಅಂಗಡಿಗಳಲ್ಲಿ ಕೊಳ್ಳುವ ಅಭ್ಯಾಸವಿದ್ದರೆ ದಾಖಲೆ ಹಾಳೆ ಇಟ್ಟುಕೊಳ್ಳಿ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಇದ್ಯಾವುದೂ ಅನ್ವಯಿಸದು. ಬ್ರಿಟನ್, ನ್ಯೂಜಿಲೆಂಡ್, ಇಟಲಿಯಂಥ ಕೆಲವು ದೇಶಗಳೊಂದಿಗೆ ಪರಸ್ಪರ ಆರೋಗ್ಯ ಒಪ್ಪಂದವಿದೆ, ಭಾರತದೊಂದಿಗೆ ಇಲ್ಲ. ಊರಿಂದ ಬರುವಾಗ ಸ್ವಂತ ಬಳಕೆಗೆ ಮೂರು ತಿಂಗಳಿಗೆ ಮೀರದಷ್ಟು ಔಷಧವನ್ನು ಅಂಗಡಿಯ ಮೂಲ ಪ್ಯಾಕಿನಲ್ಲೇ, ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಪತ್ರದೊಂದಿಗೆ ತರಬಹುದು. ಡಬ್ಬಿಗೆ ಸುರಿದುಕೊಂಡು ಬಂದರೆ ಕಸ್ಟಮ್ಸ್‌ನಲ್ಲಿ ತಕರಾರು. ತಿರುಗಾ ಮುರುಗಾ ಮಾಡಲೂ ಹೋಗಬೇಡಿ: ನಿಮ್ಮ ಹೆಸರಿನಲ್ಲಿ ಪಿಬಿಎಸ್ ದರಕ್ಕೆ ಕೊಂಡ ಮಾತ್ರೆಯನ್ನು ಊರಲ್ಲಿರುವ ತಂದೆಗೆ ಪಾರ್ಸೆಲ್ ಮಾಡುವುದು ಅಪರಾಧ. ನಿಮಗಾಗಿ ಅಥವಾ ಜೊತೆಯಲ್ಲಿ ಪ್ರಯಾಣಿಸುವವರಿಗಾಗಿ ಮಾತ್ರ ದೇಶದಾಚೆ ಒಯ್ಯಬಹುದು, ಅದಕ್ಕೂ ಡಾಕ್ಟರ ಪತ್ರ ಜೊತೆಗಿರಲಿ.

ಪಟ್ಟಿಯಲ್ಲಿ ಇರದ ಔಷಧವನ್ನು ಕಾಯುತ್ತಿರುವವರು ಸಭೆಯ ಕಾರ್ಯಸೂಚಿ ಪ್ರಕಟವಾದಾಗ ಅಭಿಪ್ರಾಯ ಸಲ್ಲಿಸಬಹುದು, ಯಾರು ಬೇಕಾದರೂ. 'ದಯವಿಟ್ಟು ಸೇರಿಸಿ' ಎಂಬ ಒಂದು ಸಾಲಿಗಿಂತ, ಈಗಿನ ಔಷಧ ಎಲ್ಲಿ ಕೈಕೊಡುತ್ತದೆ, ಅದರಿಂದ ದಿನದ ಕೆಲಸಕ್ಕೆ ಏನು ತೊಡಕು, ಸದ್ಯ ಕೈಯಿಂದ ಎಷ್ಟು ಖರ್ಚಾಗುತ್ತಿದೆ ಎಂದು ಬರೆದದ್ದು ಸದಸ್ಯರಿಗೆ ಉಪಯೋಗಕ್ಕೆ ಬರುತ್ತದೆ. ಕಂಪನಿಯ ಕಡತದಲ್ಲಿ ಆ ಮಾಹಿತಿ ಇರುವುದು ಕಡಿಮೆ.