ರೇಖ್ತಾ ತಾಣದಲ್ಲಿ ರೇಖ್ತಿ ಓದುವವರಿಗೆ: ಏನು ಸಿಗುತ್ತದೆ, ಎಲ್ಲಿ ಎಡವುತ್ತೇವೆ

ದರ್ಗಾ ಕಡೆಯ ದಖನಿ, ಅಂದರೆ ದಖ್ಖನಿನ ಉರ್ದು, ಮಾತು ಕೇಳಿದರೆ ತಿಳಿಯುತ್ತದೆ, ಉರ್ದು ಅಕ್ಷರ ಮಾತ್ರ ಓದಲು ಬರುವುದಿಲ್ಲ. ಕಲಬುರಗಿ, ಬೀದರ್ ಕಡೆ ಇಂಥವರು ಬಹಳ ಮಂದಿ. ಹತ್ತೊಂಬತ್ತನೇ ಶತಮಾನದ ಹೆಣ್ಣುಮಕ್ಕಳ ಸ್ನೇಹ, ಕಾಮನೆ ಕುರಿತ ಕಾವ್ಯ ಓದಬೇಕೆಂದರೆ ಅವರಿಗೆ ಉರ್ದು ಕಾವ್ಯದ ರೇಖ್ತಾ ಜಾಲತಾಣ ಸಾಕಷ್ಟು ಕೆಲಸಕ್ಕೆ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಪದ್ಯ ಉರ್ದು, ದೇವನಾಗರಿ, ರೋಮನ್ ಮೂರೂ ಲಿಪಿಯಲ್ಲಿ ಕಾಣುತ್ತದೆ, ಪದದ ಮೇಲೆ ಬೆರಳಿಟ್ಟರೆ ಅರ್ಥ ತೆರೆದುಕೊಳ್ಳುತ್ತದೆ.

ಮೊದಲ ಎಡವಟ್ಟು ಹೆಸರಿನದೇ. ರೇಖ್ತಾ ಎಂಬುದು ಉರ್ದು ಕಾವ್ಯಕ್ಕಿದ್ದ ಹಳೆಯ ಹೆಸರು. ರೇಖ್ತಿ ಎಂದರೆ ಹೆಣ್ಣಿನ ದನಿಯಲ್ಲಿ, ಜನಾನಾದ (ಅಂತಃಪುರದ) ಆಡುಮಾತಿನಲ್ಲಿ ಕಟ್ಟಿದ ಪದ್ಯ. ಹುಡುಕುವಾಗ ಕವಿಯ ಹೆಸರು ಹಿಡಿದು ಹೋಗುವುದೇ ಲೇಸು: ಸಾದತ್ ಯಾರ್ ಖಾನ್ ರಂಗೀನ್ (1757–1835), 1817ರಲ್ಲಿ ತೀರಿಕೊಂಡ ಇನ್ಶಾ, ಅವರ ನಂತರ ಲಖನೌದ ಜಾನ್ ಸಾಹಿಬ್. ಮೂವರೂ ಗಂಡಸರು! ಅದನ್ನು ಮರೆತು ಹೆಂಗಸರ ದಿನಚರಿ ಎಂಬಂತೆ ಓದಿದರೆ ಕೆಟ್ಟಿರಿ. ಕೇಳುವ ಗಂಡಸರನ್ನು ನಗಿಸುವ ಚಪಲ ಸಾಲುಸಾಲಿಗೂ ಇಣುಕುತ್ತದೆ. ಆದರೂ ಅಂತಃಪುರದ ಮಾತು ಇಷ್ಟು ದಟ್ಟವಾಗಿ ಬೇರೆಡೆ ಸಿಗುವುದು ಕಷ್ಟ. ರಂಗೀನ್ ಸ್ವತಃ ಈ ಪದಗಳಿಗೆ ಅರ್ಥ ಬರೆದಿಟ್ಟಿದ್ದಾನೆ.

ಉದಾಹರಣೆಗೆ ‘ದೊಗಾನಾ’. ತಾಣದವರದೇ ನಿಘಂಟು ಬೇರೆ ಇದೆ, ಒಗಟಿನ ಪದಕ್ಕೆ ಅಲ್ಲಿ ನೋಡಬೇಕು. ಆದರೆ ಎರಡು ರಕಾತ್‌ಗಳ (ಆವರ್ತನಗಳ) ನಮಾಜಿಗೂ ದೊಗಾನಾ ಎನ್ನುತ್ತಾರೆ. ಮೊದಲು ಕಂಡ ಅರ್ಥವನ್ನೇ ಹಿಡಿದರೆ ಪ್ರೇಮದ ಸಾಲು ಪ್ರಾರ್ಥನೆಯಾಗಿಬಿಡುತ್ತದೆ. ರೇಖ್ತಿಯಲ್ಲಿ ಅದು ಜೀವದ ಗೆಳತಿ, ಎಷ್ಟೋ ಕಡೆ ಹಾಸಿಗೆಯ ಗೆಳತಿ. ಒಂದೇ ಚಿಪ್ಪಿನಲ್ಲಿ ಎರಡು ತಿರುಳಿರುವ ಬಾದಾಮಿ ಹುಡುಕಿ ಇಬ್ಬರು ಹಂಚಿಕೊಂಡು ಈ ನಂಟು ಕಟ್ಟುತ್ತಿದ್ದರಂತೆ. ಇಂಥದೇ ಇನ್ನೊಂದು ಗೆಳತಿ-ನಂಟಾದ ‘ಜನಾಖಿ’ಯಾಗಲು ಕೋಳಿಯ ಎದೆಮೂಳೆ ಮುರಿಯಬೇಕು. ಇಬ್ಬರ ಮಧ್ಯೆ ಮೂರನೆಯವಳು ಬಂದಾಗಿನ ಮುನಿಸು, ಹಂಗಿಸುವಿಕೆ ತುಂಬ ಚೆನ್ನಾಗಿ ಬಂದಿದೆ. ಒಮ್ಮೆಗೆ ಒಂದೇ ಪದ್ಯ ತೆಗೆದುಕೊಳ್ಳಿ. ಮೊದಲು ದೇವನಾಗರಿಯಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಅರ್ಥ ನೋಡಿ. ಅರ್ಧಕ್ಕರ್ಧ ಕಿವಿಗೇ ಹೊಳೆಯುತ್ತದೆ.

ಹೆಣ್ಣಿನ ದನಿ ನಮ್ಮ ಸೀಮೆಗೆ ಲಖನೌದಿಂದ ಬಂದದ್ದೇನಲ್ಲ. ಹದಿನೇಳನೇ ಶತಮಾನದಲ್ಲೇ ಬಿಜಾಪುರದ ಹಾಶ್ಮಿ ದಖನಿಯಲ್ಲಿ ಹಾಗೆ ಬರೆದಿದ್ದ. ಅವನನ್ನೂ ಜೊತೆಗಿಟ್ಟು ಓದಿ.

ಪೇಚಾಟ ಶುರುವಾಗುವುದು ಇ-ಪುಸ್ತಕಗಳಲ್ಲಿ. ಅವು ಹಳೆಯ ಪುಟಗಳ ಚಿತ್ರಗಳು. ಹೀಗಾಗಿ ಪದ ಮುಟ್ಟಿದರೆ ಅರ್ಥ ಬರುವುದಿಲ್ಲ, ಲಿಪಿಯೂ ಬದಲಾಗುವುದಿಲ್ಲ. ಇಳಿಸಿಟ್ಟುಕೊಳ್ಳುವ ಅವಕಾಶವೂ ಇಲ್ಲ, ಆನ್‌ಲೈನ್‌ನಲ್ಲೇ ಓದಬೇಕು. ನೆಟ್‌ವರ್ಕ್ ಕೈಕೊಟ್ಟರೆ ಅಲ್ಲಿಗೇ ನಿಂತಿತು. ಉರ್ದು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಸರಿ. ನಿಜಾಮರ ಕಾಲದ ಉರ್ದು ಶಾಲೆಯ ಓದು ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ ಪದ್ಯ ಯಾವುದೆಂದು ಮೊದಲೇ ಹೇಳಿಬಿಡಿ, ಮುಜುಗರ ತಪ್ಪುತ್ತದೆ.

ಇನ್ನೊಂದು: ಪದ್ಯದ ನಡುವೆ ಸಾಲಿನ ಬದಲು ಬರೀ ಚುಕ್ಕಿಗಳು ಕಂಡರೆ ಸ್ಕ್ಯಾನ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಂತರದ ಕೆಲ ಸಂಪಾದಕರು ಮರ್ಯಾದೆಗೆ ಅಂಜಿ ರೇಖ್ತಿಗೆ ಕತ್ತರಿ ಹಾಕಿದ್ದಾರೆ. ಅದೇ ಕವಿಯ ಬೇರೆ ಮುದ್ರಣವೇನಾದರೂ ಇದ್ದರೆ ಅದನ್ನು ತೆರೆದು ಹೋಲಿಸಿ ನೋಡಿ.