ಫ್ಲೇವಿಯೋ: ಲೆಪ್ಟೋಕ್ವಾರ್ಕ್ ಲೆಕ್ಕ ಮಾಡೋರಿಗೆ ಬೇಕೇ ಬೇಕು
ಲೆಪ್ಟೋಕ್ವಾರ್ಕ್ (ಕ್ವಾರ್ಕ್‌ಗೂ ಎಲೆಕ್ಟ್ರಾನ್ ಥರದ ಲೆಪ್ಟಾನ್‌ಗೂ ಕೊಂಡಿ ಹಾಕೋ, ಇನ್ನೂ ಸಿಗದ ಊಹೆಯ ಕಣ) ಮಾಡೆಲ್ ಮೇಲೆ ಕೆಲಸ ಮಾಡ್ತಿರೋರಿಗೆ ಫ್ಲೇವಿಯೋ ಅನ್ನೋ ಈ ಪೈಥಾನ್ ಪ್ಯಾಕೇಜ್ ನಿಜಕ್ಕೂ ವರ ಕಣ್ರೀ, ದುಡ್ಡೇನೂ ಇಲ್ಲ, ಓಪನ್ ಸೋರ್ಸ್. ಬಿ-ಎಸ್ ಮೆಸಾನ್ ಅನ್ನೋ ಕಣ ಒಡೆದು ಎರಡು ಮ್ಯುವಾನ್ (ಎಲೆಕ್ಟ್ರಾನ್ ಥರದ್ದೇ, ಆದ್ರೆ ಭಾರದ ಕಣ) ಆಗೋದು ನೂರು ಕೋಟಿಗೆ ಮೂರೋ ನಾಲ್ಕೋ ಸಲ ಅಷ್ಟೇ, ಆ ಲೆಕ್ಕ ಕೈಯಲ್ಲಿ ಮಾಡೋಕೆ ಕೂತ್ರೆ ದಿನಗಟ್ಟಲೆ ಹಿಡಿಯುತ್ತೆ, ಇಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಸ್ಟ್ಯಾಂಡರ್ಡ್ ಮಾಡೆಲ್ (ಕಣಗಳ ಬಗ್ಗೆ ಈಗಿರೋ ಒಪ್ಪಿತ ಸಿದ್ಧಾಂತ) ಹೇಳೋ ನಂಬರ್ ಬಂದ್ಬಿಡುತ್ತೆ. ಆಮೇಲೆ ಸಿ9, ಸಿ10 ಅನ್ನೋ ವಿಲ್ಸನ್ ಕೋಎಫಿಶಿಯೆಂಟ್‌ಗಳನ್ನ (ಇಂಥ ಒಡೆಯೋ ಪ್ರಕ್ರಿಯೆ ಎಷ್ಟು ಬಲವಾಗಿದೆ ಅಂತ ಹೇಳೋ ಸಂಖ್ಯೆಗಳನ್ನ) ಸ್ವಲ್ಪ ಸ್ವಲ್ಪ ಬದಲಾಯಿಸಿ ಓಡಿಸಿ ನೋಡಿ, ಲೆಪ್ಟೋಕ್ವಾರ್ಕ್ ಇದ್ರೆ ಅದರ ಗುರುತು ಬೀಳೋದು ಅಲ್ಲೇ. 2022ರ ಡಿಸೆಂಬರ್‌ನಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದವರು, ಬಿ ಮೆಸಾನ್ ಒಡೆದಾಗ ಬರೋ ಮ್ಯುವಾನ್-ಎಲೆಕ್ಟ್ರಾನ್ ಅನುಪಾತ ಸ್ಟ್ಯಾಂಡರ್ಡ್ ಮಾಡೆಲ್ ಹೇಳೋ 1ಕ್ಕೇ ಹೊಂದುತ್ತೆ ಅಂದಾಗ, ಲೆಪ್ಟೋಕ್ವಾರ್ಕ್‌ನ ಒಂದು ಸುಳಿವು ಹೋಯ್ತಲ್ಲ ಅಂತ ತುಂಬಾ ಬೇಜಾರಾಗಿತ್ತು, ಹಳೇ ಪ್ಲಾಟ್‌ಗಳನ್ನೆಲ್ಲ ಮತ್ತೆ ಹಾಕಿದ್ದು ಇದರಲ್ಲೇ. ಪೈಥಾನ್ ಬರದಿದ್ರೆ ಮೊದಲು ಅದನ್ನ ಕಲೀರಿ.